ಪಿಯುಸಿಯ ಬಾಗಿಲಲ್ಲೇ ತೀರ್ಮಾನ
(ಉಜ್ಜಿನಿಯಲ್ಲಿ ಪೋಷಕರ ಮುಂದೆ ಮಾಡಿದ ಭಾಷಣ)



ಮಗಳನ್ನು ಕಂಪ್ಯೂಟರ್ ಇಂಜಿನಿಯರ್ ಮಾಡುವೆವೆನ್ನುವವರೇ ಆಕೆಯನ್ನು ಕಲಾ ವಿಭಾಗಕ್ಕೆ ಸೇರಿಸಿರುತ್ತಾರೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರಗಳಿಲ್ಲದೆ ಸಿಇಟಿಯಿಂದ ಬಿಇ ಸೀಟು ದೊರೆಯದು. ನಾನೂ ಕಲಾ ಪದವೀಧರನೇ; ಕಲೆಯನ್ನು ಹಳಿಯುತ್ತಿಲ್ಲ, ಅರಿಯದೆ ಬಾಗಿಲು ಮುಚ್ಚಬೇಡಿರೆನ್ನುತ್ತಿದ್ದೇನೆ. ಎಸೆಸೆಲ್ಸಿಯ ಬಳಿಕ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಪ್ರವೇಶ ಪಡೆಯಬಹುದು. ಬಿಸಿಎ, ಆ ಮೇಲೆ ಎರಡು ವರ್ಷಗಳ ಎಂಸಿಎ ಇನ್ನೊಂದು ದಾರಿ. ಆದರೆ ಕಂಪೆನಿಗಳು ಅಂಕಪಟ್ಟಿಯೊಂದನ್ನೇ ನೋಡುವುದಿಲ್ಲ. ಪ್ರೋಗ್ರಾಮ್ ಬರೆಯಿಸಿ ಪರೀಕ್ಷಿಸುತ್ತವೆ.

ದೂರದ ಭಯವೇ? ಹೊಸಪೇಟೆಯಲ್ಲೇ ಪ್ರೌಢದೇವರಾಯ ತಾಂತ್ರಿಕ ಸಂಸ್ಥೆಯಿದೆ. ಶುಲ್ಕದ ಚಿಂತೆಯೇ? ಸಿಇಟಿಯಲ್ಲಿ ಆಯ್ಕೆಯಾದವರಿಗಾಗಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯಿದೆ.

2023ರಲ್ಲಿ ಸರಕಾರವು 2ಬಿ ಮೀಸಲಾತಿಯನ್ನು ರದ್ದುಪಡಿಸ ಹೊರಟಾಗ ನಾವೆಲ್ಲ ಕೆರಳಿದೆವು. ಸರಿ, ಮಗಳ 2ಬಿ ಪ್ರಮಾಣಪತ್ರ ನಿಮ್ಮ ಮನೆಯಲ್ಲಿದೆಯೇ?