ಮಂಜು ಸರಿಯುವ ತನಕ



ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಚಳಿಗಾಲದ ಮಂಜು ಬೇಗ ಕದಲುವುದಿಲ್ಲ. ಕೈಯಲ್ಲಿ ಪುಟ್ಟ ಡ್ರೋನ್ ಇದ್ದವರಿಗೆ ಆ ಬಿಳುಪಿನ ಮೇಲಿಂದ ಬೆಟ್ಟದ ನೆತ್ತಿಯ ಚಿತ್ರ ತೆಗೆಯುವ ಆಸೆ. ಸಹಜವೇ.

ಆದರೆ ಮಂಜೆಂದರೆ ನೀರು. ಸಾಮಾನ್ಯ ಡ್ರೋನಿಗೆ ನೀರು ತಡೆಯುವ ಕವಚವಿರುವುದಿಲ್ಲ. ಗಾಳಿಯಾಡಲು ಬಿಟ್ಟ ಸಂದುಗಳಲ್ಲೇ ತೇವ ಒಳಸೇರುತ್ತದೆ. ಅಡ್ಡ ಬಂದದ್ದನ್ನು ಗುರುತಿಸುವ ಅದರ ಕ್ಯಾಮೆರಾ ಕಣ್ಣುಗಳೂ ಮಂಕಾಗುತ್ತವೆ. ಮಂಜನ್ನೇ ಗೋಡೆಯೆಂದು ತಿಳಿದು ಅದು ನಿಂತುಬಿಡಬಹುದು. ನಿಜವಾದ ಸಿಲ್ವರ್ ಓಕ್ ಮರವನ್ನು ಕಾಣದೆ ನುಗ್ಗಲೂಬಹುದು.

ಉಪಗ್ರಹದ ಸಂಕೇತಕ್ಕೆ ಮಂಜು ಅಡ್ಡಿಯಲ್ಲ. ಹಾಗಾಗಿ ತಾನೆಲ್ಲಿದ್ದೇನೆಂದು ಡ್ರೋನಿಗೆ ಗೊತ್ತಿರುತ್ತದೆ. ವಾಪಸು ಕರೆಯುವ ಗುಂಡಿ ಒತ್ತಿದರೆ ಹೊರಟೂ ಬರುತ್ತದೆ. ದಾರಿಯಲ್ಲಿ ಕರೆಂಟಿನ ತಂತಿ ಇದೆಯೇ? ಅದು ತಿಳಿಯದು. ಎಲ್ಲಿದ್ದೇವೆ ಎಂಬ ಅರಿವೇ ಬೇರೆ, ಎದುರಿಗೇನಿದೆ ಎಂಬ ಅರಿವೇ ಬೇರೆ. ನಮ್ಮ ಅವಸರದ ದಿನಗಳಲ್ಲಿ ಈ ಎರಡನ್ನೂ ಒಂದೆಂದುಕೊಳ್ಳುತ್ತೇವೆ.

ಡ್ರೋನ್ ಸದಾ ಹಾರಿಸುವವರ ಬರಿಗಣ್ಣಿಗೆ ಕಾಣುತ್ತಿರಬೇಕು ಎನ್ನುವುದು ಇದಕ್ಕೇ. ನಮ್ಮ ದೇಶದ 2021ರ ಡ್ರೋನ್ ನಿಯಮಗಳಲ್ಲಿ, 250 ಗ್ರಾಂ ಮೀರದ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ. ಮಂಜಿಗೆ ಆ ರಿಯಾಯಿತಿ ಗೊತ್ತಿಲ್ಲ, ಅಷ್ಟೆ!

ಬಿಸಿಲೇರಲಿ, ಕಾಯೋಣ. ಕಾಯುವುದೂ ಹಾರಾಟದ ಒಂದು ಭಾಗವೇ. ಅಲ್ಲಿಯವರೆಗೆ ಬ್ಯಾಟರಿಯನ್ನು ಜೇಬಿನಲ್ಲಿ ಬೆಚ್ಚಗಿಡಿ. ಚಳಿಗೆ ಅದು ಬೇಗ ಸೋಲುತ್ತದೆ. ಈಗಾಗಲೇ ಹಾರಿಸಿ ನೆನೆಸಿದ್ದೀರಾ? ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಚಾಲೂ ಮಾಡಿ.