ಹಂದಿಯ ಹಲ್ಲು, ಹುಲಿಯ ಹಲ್ಲು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಅಳಿದುಹೋದ ಪ್ರಾಣಿಗಳು’. ಅದು ಬಹಳ ದೊಡ್ಡದಾಯಿತು. ನಾನು ಒಂದೇ ಒಂದು ಪ್ರಾಣಿಯ ಬಗ್ಗೆ ಹೇಳುತ್ತೇನೆ, ಅದಕ್ಕೊಂದು ಕಾರಣವೂ ಇದೆ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ವಿಜ್ಞಾನದ ಸರ್ ಒಂದು ಹಳೆಯ ಪುಸ್ತಕ ತಂದು ಚಿತ್ರ ತೋರಿಸಿದರು. ಹುಲಿಯಂಥ ಪ್ರಾಣಿ, ಮೇಲ್ದವಡೆಯಿಂದ ಗದ್ದದ ಕೆಳಗಿನವರೆಗೂ ಇಳಿದ ಎರಡು ಹಲ್ಲು, ಥೇಟ್ ಕುಡುಗೋಲು. ಕತ್ತಿಹಲ್ಲಿನ ಹುಲಿ ಅಂದರು. ಮರುವಾರ ಗೌಳಿವಾಡದಿಂದ ಬರುತ್ತಿದ್ದ ನಮ್ಮ ತರಗತಿಯ ಹುಡುಗನೊಬ್ಬ ಚಡ್ಡಿಯ ಜೇಬಿನಿಂದ ಒಂದು ಬಾಗಿದ ಹಲ್ಲು ತೆಗೆದು ಮೇಜಿನ ಮೇಲಿಟ್ಟ. “ಸರ, ಇದು ಆ ಹುಲೀದೇ ಇರಬೇಕ್ರಿ. ಎಮ್ಮಿ ಕಾಯೂ ಮುಂದ ಹಳ್ಳದಾಗ ಸಿಕ್ತು” ಅಂದ.

ಸರ್ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು “ಸರ್, ಅದು ಹಂದಿ ಹಲ್ಲು” ಅಂದೆ. ಇಡೀ ತರಗತಿ ನಕ್ಕಿತು. ನಾನು ಹೇಳಿದ್ದು ಸರಿಯೇ ಇತ್ತು. ಕಾಡುಹಂದಿಯ ಕೆಳದವಡೆಯ ಕೋರೆಹಲ್ಲನ್ನು ಅಡ್ಡ ಕೊಯ್ದರೆ ಮೂರು ಮೂಲೆ ಕಾಣುತ್ತದೆ, ಕತ್ತಿಹಲ್ಲು ಚಪ್ಪಟೆ. ಆದರೆ ಅಂದಿನಿಂದ ಅವನಿಗೆ ‘ಹಂದಿಹಲ್ಲು’ ಅಂತಲೇ ಹೆಸರು ಬಿತ್ತು. ಮೈದಾನದಲ್ಲಿ, ಹಾದಿಯಲ್ಲಿ, ನೀರಿನ ಟಾಕಿಯ ಹತ್ತಿರ, ಎಲ್ಲ ಕಡೆ. ದೀಪಾವಳಿ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮನೆಯಲ್ಲಿ ದನ ನೋಡುವವರು ಇರಲಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಇರಲಿ, ಪ್ರಾಣಿಯ ವಿಷಯಕ್ಕೆ ಬರುತ್ತೇನೆ.

ಮೊದಲನೆಯದಾಗಿ, ಅದು ಹುಲಿಯೇ ಅಲ್ಲ. ಬೆಕ್ಕಿನ ಕುಟುಂಬದ್ದು ಹೌದು, ಆದರೆ ಇಂದಿನ ಹುಲಿ, ಸಿಂಹ, ಚಿರತೆ, ಮನೆಯ ಬೆಕ್ಕು ಇವೆಲ್ಲವುಗಳ ವಂಶದಿಂದ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕವಲೊಡೆದ ಬೇರೆ ಶಾಖೆ. ಅಂದರೆ ನಮ್ಮ ಅಣಶಿಯ ಹುಲಿಗೆ ಆ ಪ್ರಾಣಿಗಿಂತ ನಿಮ್ಮ ಮನೆಯ ಅಟ್ಟದ ಮೇಲಿನ ಬೆಕ್ಕೇ ಹತ್ತಿರದ ನಂಟು. (ದಾಂಡೇಲಿಯ ಕರಿಚಿರತೆ ಬೇರೆ ಜಾತಿಯೇ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಅಲ್ಲ, ಅದು ಚಿರತೆಯೇ, ಬಣ್ಣ ಮಾತ್ರ ಕಪ್ಪು. ಬಿಸಿಲಲ್ಲಿ ನೋಡಿದರೆ ಚುಕ್ಕೆ ಕಾಣುತ್ತದೆ.)

ಕತ್ತಿಹಲ್ಲಿನ ಬೆಕ್ಕುಗಳಲ್ಲೂ ಹಲವು ಜಾತಿಗಳಿದ್ದವು. ಹೆಸರಾಂತದ್ದು ಅಮೆರಿಕ ಖಂಡಗಳ ಸ್ಮೈಲೊಡಾನ್. ಮೈಕಟ್ಟಿನಲ್ಲಿ ಕರಡಿಯ ಹಾಗೆ ದಪ್ಪ, ಮುಂಗಾಲುಗಳಲ್ಲಿ ಅಸಾಧ್ಯ ಬಲ, ಮೋಟು ಬಾಲ. ಬಾಯಿಯನ್ನು ಸಿಂಹಕ್ಕಿಂತ ಎಷ್ಟೋ ಅಗಲವಾಗಿ ತೆರೆಯುತ್ತಿತ್ತು. ತೆರೆಯದಿದ್ದರೆ ಅಷ್ಟುದ್ದದ ಹಲ್ಲು ಇದ್ದು ಪ್ರಯೋಜನವಾದರೂ ಏನು? ಆದರೆ ಆ ಹಲ್ಲು ತೆಳು. ಗೂಳಿಯ ಹಾಗೆ ಒದ್ದಾಡುವ ಬೇಟೆಗೆ ಚುಚ್ಚಿದರೆ ಲಟಕ್ಕನೆ ಮುರಿದುಹೋಗಬಹುದು. ಅದಕ್ಕೇ ಮೊದಲು ಮುಂಗಾಲಿನಿಂದ ಕೆಡವಿ, ಅಲುಗಾಡದಂತೆ ಅದುಮಿ, ಆಮೇಲೆ ಗಂಟಲಿಗೆ ಹಲ್ಲು ಹಾಕುತ್ತಿತ್ತು ಎಂಬುದು ಬಹುಮಂದಿ ತಜ್ಞರ ಅಭಿಪ್ರಾಯ. ಆ ಹಲ್ಲು ತಿಂಗಳಿಗೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತಿತ್ತಂತೆ. ಪೂರ್ತಿ ಬರಲು ಮೂರು ವರ್ಷ. ಅಲ್ಲಿಯವರೆಗೆ ಮರಿ ತಾಯಿಯನ್ನೇ ನೆಚ್ಚಿಕೊಂಡಿರಬೇಕು.

ಈಗ ನನಗೆ ಬಹಳ ಇಷ್ಟವಾದ ಭಾಗ. ಈ ಪ್ರಾಣಿಯ ಹಲ್ಲು ಮೊದಲು ಸಿಕ್ಕಾಗ ಅದನ್ನು ಏನೆಂದು ಗುರುತಿಸಿದರು?

ಮೂಳೆ ನೋಡಿ ಪ್ರಾಣಿ ಹೇಳುವುದರಲ್ಲಿ ಜಗತ್ತಿಗೇ ಗುರು ಎನಿಸಿಕೊಂಡಿದ್ದ ಫ್ರಾನ್ಸಿನ ಕುವಿಯೆ, 1824ರಲ್ಲಿ ಯುರೋಪಿನ ಇಂಥ ಹಲ್ಲುಗಳನ್ನು ನೋಡಿ ಕರಡಿಯದು ಅಂದ! ಹೆಸರನ್ನೂ ಹಾಗೆಯೇ ಇಟ್ಟ. ನಾಲ್ಕು ವರ್ಷದ ಮೇಲೆ ಬ್ರವಾರ್ ಎಂಬಾತ ತಲೆಬುರುಡೆ ಸಮೇತ ನೋಡಿ, ಇದು ಬೆಕ್ಕಿನ ಜಾತಿ ಎಂದು ತೋರಿಸಿದ. ಅತ್ತ ಬ್ರೆಜಿಲ್‌ನಲ್ಲಿ ಡೆನ್ಮಾರ್ಕಿನ ಲುಂಡ್ ಎಂಬಾತ ಲಾಗೋವಾ ಸಾಂತಾ ಊರಿನ ಸುಣ್ಣಕಲ್ಲಿನ ಗುಹೆಗಳನ್ನು ವರ್ಷಗಟ್ಟಲೆ ಜಾಲಾಡಿದ. ನಮ್ಮ ಕವಳೆ ಗುಹೆಗೆ ಹೋದವರು ಊಹಿಸಿಕೊಳ್ಳಬಹುದು, ಅಂಥ ಕತ್ತಲು, ಅಂಥ ತೇವ. ಅವನಿಗೆ ಮೊದಲು ಸಿಕ್ಕಿದ್ದು ಕೆಲವು ಬಿಡಿ ಹಲ್ಲು. ಅವನು ಕತ್ತೆಕಿರುಬನದು ಅಂತ ಬರೆದ. 1842ರಲ್ಲಿ ತನ್ನ ತಪ್ಪನ್ನು ತಾನೇ ತಿದ್ದಿಕೊಂಡು ‘ಸ್ಮೈಲೊಡಾನ್’ ಎಂದು ಹೆಸರಿಟ್ಟ.

ಕುವಿಯೆ ಕರಡಿ ಅಂದ, ಲುಂಡ್ ಕಿರುಬ ಅಂದ. ಅವರನ್ನು ಯಾರೂ ಹಾದಿಯಲ್ಲಿ ಅಡ್ಡಹೆಸರಿಟ್ಟು ಕೂಗಲಿಲ್ಲ.

ನಮ್ಮ ದೇಶದಲ್ಲೂ ಈ ಬೆಕ್ಕು ಇತ್ತು. ಹಿಮಾಲಯದ ಬುಡದ ಶಿವಾಲಿಕ್ ಗುಡ್ಡಗಳಲ್ಲಿ ಅದರ ಪಳೆಯುಳಿಕೆ ಸಿಕ್ಕಿದೆ. ಆ ಗುಡ್ಡಗಳ ಮೂಳೆಗಳ ಸುದ್ದಿ ಬಹಳ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಕಾಲುವೆ ತೋಡಿಸುವಾಗ ಆನೆಯ ಮತ್ತು ಮನುಷ್ಯರ ದೈತ್ಯ ಮೂಳೆಗಳು ಸಿಕ್ಕವೆಂದು ಚರಿತ್ರೆಕಾರ ಫೆರಿಸ್ತಾ ಬರೆದಿದ್ದಾನೆ. 1830ರ ದಶಕದಲ್ಲಿ ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೋಬಿ ಕಾಟ್ಲಿ ಅಲ್ಲಿ ಅಗೆಸಿ ರಾಶಿ ರಾಶಿ ಮೂಳೆ ತೆಗೆಸಿದರು. ದೊಡ್ಡ ದಂತದ ಆನೆಗೆ ಗಣೇಶನ ಹೆಸರು, ಜಿರಾಫೆಯ ನಂಟಿನ ದೈತ್ಯ ಪ್ರಾಣಿಗೆ ಶಿವನ ಹೆಸರು ಕೊಟ್ಟರು. ಇಬ್ಬರಿಗೂ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ವೊಲಾಸ್ಟನ್ ಪದಕ ಬಂತು. ಅಲ್ಲಿಯ ಕತ್ತಿಹಲ್ಲಿನ ಬೆಕ್ಕಿಗೆ ಮುಂದೆ ಫಾಲ್ಕನರನ ಹೆಸರೇ ಬಿತ್ತು: ಮೆಗಾಂಟೆರಿಯಾನ್ ಫಾಲ್ಕನೆರಿ. ಕಾಲುವೆಯ ಕೂಲಿಗಳ, ಬುಟ್ಟಿಯಲ್ಲಿ ಮೂಳೆ ಹೊತ್ತು ತಂದ ಗುಡ್ಡದ ಜನರ ಹೆಸರು ಹೊತ್ತ ಪ್ರಾಣಿ ಅವುಗಳಲ್ಲಿ ನಾನು ಕಂಡಿಲ್ಲ. ಗುಡ್ಡ ಗೊತ್ತಿದ್ದದ್ದು ಅವರಿಗೇ.

“ನಮ್ಮ ಕಡೆ ಯಾಕೆ ಸಿಗುವುದಿಲ್ಲ?” ಅಂತ ನಿನ್ನೆ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಹಳಿಯಾಳ, ದಾಂಡೇಲಿ, ಜೋಯಿಡಾದ ಬುಡದ ಕಲ್ಲು ಬಹಳ ಪುರಾತನ, 250 ಕೋಟಿ ವರ್ಷಕ್ಕೂ ಹಿಂದಿನದು. ಮೂಳೆ ಇರುವ ಪ್ರಾಣಿಯೇ ಆಗ ಹುಟ್ಟಿರಲಿಲ್ಲ. ಅದರ ಮೇಲಿನ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಹುಳಿಯ ಗುಣ, ಜೊತೆಗೆ ನಮ್ಮ ಜಡಿಮಳೆ. ಸತ್ತ ಪ್ರಾಣಿಯ ಮೂಳೆ ಕೆಲವೇ ವರ್ಷದಲ್ಲಿ ಕರಗಿಹೋಗುತ್ತದೆ. ಮೂಳೆ ಕಲ್ಲಾಗಬೇಕಾದರೆ ಬೇಗ ಹೂಳು ಮುಚ್ಚಬೇಕು, ಮಣ್ಣು ಸುಮ್ಮನಿರಬೇಕು. ಅಂಥ ಜಾಗ ದೂರವೇನಿಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ರಾಬರ್ಟ್ ಬ್ರೂಸ್ ಫೂಟ್ ಖಡ್ಗಮೃಗದ ಪಳೆಯುಳಿಕೆ ಕಂಡು, 1874ರಲ್ಲಿ ಅದರ ವಿವರ ಪ್ರಕಟಿಸಿ, ದಖನ್ನಿನ ಹೆಸರಿಟ್ಟ. ಖಡ್ಗಮೃಗ! ಮುಂಡಗೋಡದಿಂದ ಒಂದು ಹೊತ್ತಿನ ಬಸ್ ಪ್ರಯಾಣದ ದೂರದಲ್ಲಿ.

ಮೂಳೆಯಲ್ಲ, ಮೈಯೇ ಸಿಕ್ಕ ಒಂದು ಸುದ್ದಿ ಇತ್ತೀಚಿನದು. 2020ರಲ್ಲಿ ಸೈಬೀರಿಯಾದ ಯಾಕೂಟಿಯಾದಲ್ಲಿ ಬದ್ಯಾರಿಖಾ ನದಿಯ ಹತ್ತಿರ ಹೆಪ್ಪುಗಟ್ಟಿದ ನೆಲದಲ್ಲಿ ಒಂದು ಕತ್ತಿಹಲ್ಲಿನ ಬೆಕ್ಕಿನ ಮರಿ ಸಿಕ್ಕಿತು. ಹೋಮೊಥೀರಿಯಮ್ ಎಂಬ ಜಾತಿ. 2024ರ ನವೆಂಬರಿನಲ್ಲಿ ರಷ್ಯಾದ ವಿಜ್ಞಾನಿಗಳು ವಿವರ ಪ್ರಕಟಿಸಿದರು. ಮರಿಗೆ ಸುಮಾರು ಮೂರು ವಾರ. ಸತ್ತು 35 ಸಾವಿರ ವರ್ಷದ ಮೇಲಾಗಿದೆ. ತಲೆ, ಮುಂಗಾಲು, ಎದೆ ಹಾಗೆಯೇ ಉಳಿದಿವೆ. ದಟ್ಟ ಕಂದು ರೋಮ, ಸಣ್ಣ ಕಿವಿ, ಅಗಲ ಪಂಜ, ಅದೇ ವಯಸ್ಸಿನ ಸಿಂಹದ ಮರಿಗಿಂತ ಬಹಳ ದಪ್ಪ ಕುತ್ತಿಗೆ. ಕತ್ತಿಹಲ್ಲು ಇನ್ನೂ ಬಂದಿರಲಿಲ್ಲ. ಆ ಫೋಟೋ ನೋಡಿದ ದಿನ ನಾನು ಪಾಠ ಮಾಡುವುದನ್ನು ಬಿಟ್ಟು ಮಕ್ಕಳಿಗೆ ಅದನ್ನೇ ತೋರಿಸುತ್ತ ಕುಳಿತೆ.

ಅವು ಯಾಕೆ ಅಳಿದವು? ಸುಮಾರು 10 ಸಾವಿರ ವರ್ಷದ ಹಿಂದೆ ಹಿಮಯುಗ ಮುಗಿಯುತ್ತ ಬಂದಾಗ ಹವೆ ಬದಲಾಯಿತು, ಮನುಷ್ಯರ ಬೇಟೆಯೂ ಹೆಚ್ಚಿತು, ಅವು ತಿನ್ನುತ್ತಿದ್ದ ದೊಡ್ಡ ಪ್ರಾಣಿಗಳು ಇಲ್ಲವಾದವು. ಯಾವುದರ ಪಾಲು ಎಷ್ಟು ಎಂಬ ವಾದ ಇನ್ನೂ ನಡೆದಿದೆ. ದೊಡ್ಡ ಬೇಟೆಗೆಂದೇ ಬೆಳೆದ ಹಲ್ಲು ಇಲಿ ಮೊಲಕ್ಕೆ ಉಪಯೋಗವಾಗಲಿಲ್ಲ ಅನ್ನುವುದು ನನಗೆ ಸರಿಯೆನಿಸುತ್ತದೆ. ಹುಲಿಗೂ ಕಡವೆ, ಕಾಟಿ ಬೇಕಲ್ಲವೆ?

ಈ ಮಾತನ್ನು ಹೋದ ವರ್ಷ ನನಗೆ ನೆನಪಿಸಿದವನು ಅದೇ ಗೌಳಿವಾಡದ ಹುಡುಗ. ಈಗ ಅವನಿಗೂ ತಲೆ ನರೆತಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ದಿನಗೂಲಿಯ ಮೇಲೆ ಕಾವಲು ಕೆಲಸ ಮಾಡುತ್ತಾನೆ. ಕ್ಯಾಮೆರಾ ಕಟ್ಟಲು ಯಾವ ಹಾದಿ, ಯಾವ ಮರ ಎಂದು ಸಾಹೇಬರು ಅವನನ್ನೇ ಕೇಳುತ್ತಾರೆ. ಫೋಟೋದಲ್ಲಿ ಪಟ್ಟೆ ನೋಡಿ ಇದು ಹೋದ ಮಳೆಗಾಲದ ಹೆಣ್ಣುಹುಲಿಯೇ ಅಂತ ಹೇಳಬಲ್ಲ. ಮಹೋತ್ಸವಕ್ಕೆ ಕರೆಯಲು ಅವನ ಮನೆಗೆ ಹೋಗಿದ್ದೆ. ನಾನು ತಡವರಿಸುತ್ತ ಹಳೆಯ ಮಾತು ತೆಗೆದೆ. ಅವನು ನಕ್ಕು, “ಅದ ಬಿಡೋ ಮಾರಾಯಾ. ಆ ಹಲ್ಲರ ಎಲ್ಲಿ ಹೋತು?” ಅಂದ. ನನಗೆ ಗೊತ್ತಿರಲಿಲ್ಲ.

ಹದಿನೈದು ದಿನದ ಹಿಂದೆ ಪ್ರಯೋಗಾಲಯಕ್ಕೆ ಸುಣ್ಣ ಬಳಿಯಲು ಕಪಾಟುಗಳನ್ನು ಹೊರಗೆ ತೆಗೆದರು. ಹಳೆಯ ಬೀಕರುಗಳ ಹಿಂದೆ ಒಂದು ಗಾಜಿನ ಬಾಟಲಿ, ಒಳಗೆ ಆ ಹಲ್ಲು. ಬಾಟಲಿಗೆ ನಮ್ಮ ಸರ್ ಕೈಬರಹದ ಚೀಟಿ: “ಕಾಡುಹಂದಿಯ ಕೋರೆಹಲ್ಲು, ಕೆಳದವಡೆ.” ಅದರ ಕೆಳಗೆ “ತಂದವರು” ಎಂದು ಅವನ ಪೂರ್ತಿ ಹೆಸರು, ತಂದೆಯ ಹೆಸರು, ತರಗತಿ, ದಿನಾಂಕ, ಸಿಕ್ಕ ಜಾಗ. ನಾವು ನಗುತ್ತಿದ್ದ ವಾರವೇ ಸರ್ ಇದನ್ನು ಬರೆದಿಟ್ಟಿದ್ದರು. ಅವರು ಈಗ ಇಲ್ಲ.

ಮಕ್ಕಳೆ, ಒಂದು ಮಾತು: ಈಗ ಅಭಯಾರಣ್ಯದಿಂದ ಏನನ್ನೂ ಎತ್ತಿ ತರುವ ಹಾಗಿಲ್ಲ, ಅದು ಕಾನೂನು. ಕಂಡರೆ ಫೋಟೋ ತೆಗೆಯಿರಿ, ಜಾಗ ಬರೆದುಕೊಳ್ಳಿ, ನಿಮ್ಮ ಸರ್‌ಗೆ ಅಥವಾ ಬಾಯಾರಿಗೆ ತೋರಿಸಿ.

ಬಾಟಲಿ ಈಗ ಪ್ರಯೋಗಾಲಯದ ಮೇಜಿನ ಮೇಲಿದೆ, ಊಟದ ನಂತರ ಎಲ್ಲರೂ ನೋಡಬಹುದು. ಗೆಳೆಯ ಇಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಬೆಳಿಗ್ಗೆ ಅವನಿಗೆ ಚೀಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದ. “ಜಾಗ ತಪ್ಪು ಬರದಾರ” ಅಂದ. “ಇದು ಕೆಳಗಿನ ಹಳ್ಳ ಅಲ್ಲ, ಮ್ಯಾಲಿನ ಹಳ್ಳ. ಪೆನ್ ಕೊಡು.”