ಗೇಣುದ್ದದ ರಬ್ಬರು, ನೂರು ವರ್ಷದ ಯಂತ್ರ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಗ್ರಾಮಫೋನ್ ಉಳಿದುಕೊಂಡಿದೆ. ಮರದ ಪೆಟ್ಟಿಗೆ ಗಟ್ಟಿಯಾಗಿದೆ. ಹಿಡಿಕೆ ತಿರುಗಿಸಿದರೆ ಸ್ಪ್ರಿಂಗು ಬಿಗಿಯುತ್ತದೆ, ತಟ್ಟೆ ಸುತ್ತುತ್ತದೆ. ಆದರೆ ಪ್ಲೇಟಿನ ಮೇಲೆ ಮುಳ್ಳು ಇಟ್ಟೊಡನೆ ಹಾಡಿನ ಜೊತೆಗೆ ಕರಕರ ಸದ್ದು, ಕೀರಲು ದನಿ. ಇದರ ಕಾಲ ಮುಗಿಯಿತು ಎಂದು ಮನೆಯವರು ತೀರ್ಮಾನಿಸುತ್ತಾರೆ. ಯಂತ್ರ ಗುಜರಿಗೆ ಹೋಗುತ್ತದೆ. ಇಲ್ಲವೇ ಬಿಡಿಭಾಗಗಳಾಗಿ ಚೆದುರಿ, ಹೊಸ ಹಿತ್ತಾಳೆ ಕಹಳೆಯುಳ್ಳ ಯಾವುದೋ ಅಲಂಕಾರದ ವಸ್ತುವಿನೊಳಗೆ ಸೇರಿಕೊಳ್ಳುತ್ತದೆ. ಇಂಥ ಎಷ್ಟೋ ಪ್ರಸಂಗಗಳಲ್ಲಿ ನಿಜವಾಗಿ ಕೆಟ್ಟಿರುವುದು ಎರಡು ರಬ್ಬರ್ ಬಳೆಗಳು ಮತ್ತು ಒಂದು ರಬ್ಬರ್ ಬಿಲ್ಲೆ ಮಾತ್ರ. ಆ ರಬ್ಬರನ್ನು ಎಲ್ಲಿ ಹುಡುಕಬೇಕು, ಹೇಗೆ ಮಾಡಿಕೊಳ್ಳಬೇಕು ಎಂಬುದು ಈ ಮಾತಿನ ವಿಷಯ.

ಪರಿಸರದ ಸಭೆಯಲ್ಲಿ ಗ್ರಾಮಫೋನಿನ ಮಾತೇಕೆ ಎಂದು ಕೇಳಬಹುದು. ಈ ಯಂತ್ರ ಹುಟ್ಟಿದ್ದು ಕಾರ್ಖಾನೆಯಲ್ಲಾದರೂ ಅದರ ಮೈ ಕಾಡು ಮತ್ತು ಬೆಟ್ಟಗಳದು. 78 ವೇಗದ ಪ್ಲೇಟುಗಳಿಗೆ ಆಧಾರವಾದದ್ದು ಅರಗು. ಮುತ್ತುಗ, ಸಾಗಡೆ ಮರಗಳ ಮೇಲೆ ಬದುಕುವ ಪುಟ್ಟ ಕೀಟವೊಂದರ ಸ್ರಾವ. ಧ್ವನಿಯನ್ನು ಹೊರಡಿಸುವ ಪೊರೆ ಅಭ್ರಕದ್ದು. ಜನ ಕಾಗೆಬಂಗಾರ ಎನ್ನುವ ಖನಿಜ. ಆ ಪೊರೆಯ ಅಂಚನ್ನು ಹಿಡಿದಿರುವುದು ರಬ್ಬರ್ ಮರದ ಹಾಲು.

ರಬ್ಬರಿನ ಚರಿತ್ರೆಯೂ ಈ ಯಂತ್ರದ ಚರಿತ್ರೆಯೂ ಜೊತೆಜೊತೆಗೆ ಸಾಗಿವೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಮೊಳೆತದ್ದು ಅದರ ಅಲ್ಪ ಭಾಗ. ಆ ಸಸಿಗಳು ಸಿಂಹಳಕ್ಕೆ ಬಂದು ಏಷ್ಯಾದ ತೋಟಗಳಿಗೆ ಮೂಲವಾದವು. ಮರುವರ್ಷ, 1877ರಲ್ಲಿ, ಥಾಮಸ್ ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದನು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಣಗೊಂಡಿತು. ಅದೇ ವರ್ಷ ಕೇರಳದ ಪೆರಿಯಾರ್ ದಡದ ತಟ್ಟೇಕ್ಕಾಡಿನಲ್ಲಿ ಭಾರತದ ಮೊದಲ ವಾಣಿಜ್ಯ ರಬ್ಬರ್ ತೋಟ ಆರಂಭವಾಯಿತು. ಈ ಚರಿತ್ರೆಯಲ್ಲಿ ಕಣ್ಣೀರೂ ಇದೆ. ಗ್ರಾಮಫೋನು ಮನೆಮನೆಗೆ ಹಬ್ಬುತ್ತಿದ್ದ ವರ್ಷಗಳಲ್ಲೇ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಕಾಂಗೋದಲ್ಲಿ, ಅಮೆಜಾನಿನ ಪುಟುಮಾಯೊ ಪ್ರದೇಶದಲ್ಲಿ, ಕಾಡು ರಬ್ಬರು ಸಂಗ್ರಹಿಸಲು ಮೂಲನಿವಾಸಿಗಳನ್ನು ಹಿಂಸಿಸಿ ಕೊಲ್ಲಲಾಯಿತು. ಅಂದಿನ ರಬ್ಬರಿನ ಹಿಂದೆ ಇಷ್ಟು ಬೆಲೆ ತೆತ್ತ ಜನರಿದ್ದಾರೆ. ಅದನ್ನು ಧರಿಸಿದ ಯಂತ್ರವನ್ನು ಹಗುರವಾಗಿ ಎಸೆಯುವುದಕ್ಕೆ ಮನಸ್ಸು ಒಪ್ಪಬಾರದು.

ಇನ್ನು ಕೆಲಸದ ವಿಚಾರ. ಮುಳ್ಳನ್ನು ಸಿಕ್ಕಿಸುವ ದುಂಡನೆಯ ಭಾಗಕ್ಕೆ ಸೌಂಡ್‌ಬಾಕ್ಸ್ ಎಂದು ಹೆಸರು. ಪ್ಲೇಟಿನ ಗೆರೆಯಲ್ಲಿ ಮುಳ್ಳು ಅಲುಗಿದಂತೆ ಒಂದು ಸಣ್ಣ ಸನ್ನೆ ಆ ಅಲುಗಾಟವನ್ನು ಅಭ್ರಕದ ಪೊರೆಯ ನಡುವಿಗೆ ಮುಟ್ಟಿಸುತ್ತದೆ. ಪೊರೆಯ ಅಂಚು ಎರಡು ತೆಳುವಾದ ರಬ್ಬರ್ ಕೊಳವೆಯ ಬಳೆಗಳ ನಡುವೆ ಕುಳಿತಿರುತ್ತದೆ. ಈ ಬಳೆಗಳಿಗೆ ಎರಡು ಕರ್ತವ್ಯ: ಗಾಳಿ ಸೋರದಂತೆ ಮುಚ್ಚುವುದು, ಪೊರೆಯ ಅಂಚು ಮೆಲ್ಲಗೆ ಅಲುಗಲು ಎಡೆಮಾಡಿಕೊಡುವುದು. ರಬ್ಬರು ಗಟ್ಟಿಯಾದರೆ ಎರಡೂ ಕೆಡುತ್ತವೆ. ತಗ್ಗು ಸ್ವರಗಳು ಮಾಯವಾಗುತ್ತವೆ, ಪೊರೆ ಕರಕರ ಎನ್ನುತ್ತದೆ. ಅಲುಗಲಾರದ ಮುಳ್ಳು ಪ್ಲೇಟಿನ ಗೆರೆಯನ್ನೇ ಹೆಚ್ಚು ಸವೆಸುತ್ತದೆ. ಆದುದರಿಂದ ಹಳೆಯ ರಬ್ಬರಿನಲ್ಲೇ ಹಾಡು ಕೇಳುತ್ತ ಹೋದರೆ ಹಾಳಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ಮತ್ತೆ ದೊರಕದ ಧ್ವನಿ. ಸೌಂಡ್‌ಬಾಕ್ಸಿನ ಬೆನ್ನಿಗೆ, ಅದು ತೋಳನ್ನು ಸೇರುವಲ್ಲಿ, ಮೂರನೆಯ ರಬ್ಬರಿದೆ. ಲೋಹದಿಂದ ಲೋಹಕ್ಕೆ ಕಂಪನ ಹಾಯದಂತೆ ತಡೆಯುವ ದಪ್ಪ ಬಿಲ್ಲೆ. ಎಡಿಸನ್ನನ ಉರುಳೆ ಯಂತ್ರಗಳಲ್ಲಿ ಕೊಳವೆಯ ಬದಲು ಚಪ್ಪಟೆ ಬಳೆಗಳಿರುತ್ತವೆ. ತೂಗುಹಾಕಿದ ಕಹಳೆಯನ್ನು ಯಂತ್ರಕ್ಕೆ ಜೋಡಿಸಲು ರಬ್ಬರ್ ನಳಿಕೆಯೊಂದು ಇರುತ್ತದೆ.

ರಬ್ಬರು ಗಟ್ಟಿಯಾಗುವುದೇಕೆ? ಅದರ ಉದ್ದನೆಯ ಅಣುಸರಪಳಿಗಳಲ್ಲಿ ಆಮ್ಲಜನಕ ಬಂದು ಹಿಡಿದುಕೊಳ್ಳಬಲ್ಲ ಜಾಗಗಳಿವೆ. ಗಂಧಕ ಸೇರಿಸಿ ಕಾಯಿಸಿದ ಮೇಲೂ ಅವು ಪೂರ್ತಿ ಮುಚ್ಚುವುದಿಲ್ಲ. ವರ್ಷಗಳು ಕಳೆದಂತೆ ಕೆಲವು ಸರಪಳಿಗಳು ತುಂಡಾಗಿ ರಬ್ಬರು ಅಂಟಾಗುತ್ತದೆ. ಕೆಲವು ಒಂದಕ್ಕೊಂದು ಹೆಣೆದುಕೊಂಡು ಕಲ್ಲಾಗುತ್ತದೆ. ಬಿಸಿಲು ಮತ್ತು ಕಾವು ಇದನ್ನು ತ್ವರೆಗೊಳಿಸುತ್ತವೆ. ಹೆಂಚಿನಡಿಯ ಅಟ್ಟದಲ್ಲಿ ಬೇಸಿಗೆಯ ಕಾವಿಗೆ ಕೊರತೆಯಿಲ್ಲ. ತಾಮ್ರವೂ ರಬ್ಬರಿಗೆ ವೈರಿ. ತಾಮ್ರ ಬೆರೆತ ಹಿತ್ತಾಳೆಗೆ ತಾಗಿಕೊಂಡ ರಬ್ಬರು ಬೇಗ ಕೆಡುತ್ತದೆ. ಎಣ್ಣೆ ತಗುಲಿದರೆ ಊದಿಕೊಳ್ಳುತ್ತದೆ. ಉಗುರಿನಿಂದ ಒತ್ತಿ ನೋಡಿ: ಗುರುತು ಬೀಳದಿದ್ದರೆ ಆ ರಬ್ಬರಿನ ಆಯುಷ್ಯ ತೀರಿದೆ. ಎಣ್ಣೆ ಸವರಿ ಅದನ್ನು ಮೆತ್ತಗೆ ಮಾಡುವ ಉಪಾಯಗಳು ಕೆಲಕಾಲದ ಸಮಾಧಾನ ಮಾತ್ರ.

ಹೊಸ ಬಳೆಗೆ ಬೇಕಾದದ್ದು ಸುಮಾರು 3 ಮಿಲಿಮೀಟರ್ ದಪ್ಪದ ಮೃದುವಾದ ರಬ್ಬರ್ ಕೊಳವೆ. ಹಳೆಯ ಬಳೆಯ ತುಂಡನ್ನು ಅಳೆದು ಅದೇ ದಪ್ಪದ್ದನ್ನು ಹುಡುಕಬೇಕು. ಸೈಕಲ್ ಅಂಗಡಿಯ ವಾಲ್‌ಟ್ಯೂಬು ಅಳತೆಗೆ ಹೊಂದಿದರೆ ಒಳ್ಳೆಯ ಆಯ್ಕೆ. ಅದೂ ಮೃದು ರಬ್ಬರೇ. ಸಿಲಿಕೋನ್ ಕೊಳವೆ ಗಾಳಿ ಬಿಸಿಲುಗಳನ್ನು ಹೆಚ್ಚು ಕಾಲ ತಾಳುತ್ತದೆ. ಆಸ್ಪತ್ರೆಯ ಸಲೈನ್ ನಳಿಕೆ ಬೇಡ; ಅದು ಪ್ಲಾಸ್ಟಿಕ್, ಸಾಕಷ್ಟು ಮೆತ್ತಗಿಲ್ಲ. ಉದ್ದದ ಲೆಕ್ಕ ಸರಳ. ಬಳೆ ಕೂರುವ ಜಾಗದ ವ್ಯಾಸ 45 ಮಿಲಿಮೀಟರ್ ಇದ್ದು ಕೊಳವೆಯ ದಪ್ಪ 3 ಆಗಿದ್ದರೆ, 42ನ್ನು 3.14ರಿಂದ ಗುಣಿಸಿ, ಸುಮಾರು 132 ಬರುತ್ತದೆ. ಎರಡು ಬಳೆಗೆ 264 ಮಿಲಿಮೀಟರ್, ಗೇಣಿಗಿಂತ ತುಸು ಹೆಚ್ಚು. ತುದಿಗಳನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಅವು ಒಂದಕ್ಕೊಂದು ತಾಗಬೇಕು; ನಡುವೆ ಬಿರುಕು ಇರಬಾರದು, ಒಂದರ ಮೇಲೊಂದು ಏರಬಾರದು. ಎರಡು ಬಳೆಗಳ ಸಂದುಗಳು ಒಂದೇ ಕಡೆ ಬರಬಾರದು.

ಬಿಚ್ಚುವಾಗ ಆತುರ ಸಲ್ಲದು. ಕಲ್ಲಾದ ರಬ್ಬರನ್ನು ಬಿದಿರಿನ ಕಡ್ಡಿಯಿಂದ ಕೆರೆಯಬೇಕು. ಚಾಕು ತಗುಲಿದರೆ ಅಭ್ರಕ ಪದರ ಪದರವಾಗಿ ಏಳುತ್ತದೆ. 1920ರ ದಶಕದ ನಂತರದ ಕೆಲವು ಸೌಂಡ್‌ಬಾಕ್ಸುಗಳು ಸತುವಿನ ಮಿಶ್ರಲೋಹದವು. ಅವು ಈಗ ಊದಿ ಬಿರುಕುಬಿಟ್ಟಿರುತ್ತವೆ, ತಿರುಚಿದರೆ ಪುಡಿಯಾಗುತ್ತವೆ. ಜೋಡಿಸಿದ ಮೇಲೆ ಸನ್ನೆಯ ತುದಿ ಪೊರೆಯನ್ನು ಒತ್ತದೆ, ಎಳೆಯದೆ ಸುಮ್ಮನೆ ಮುಟ್ಟುವಂತೆ ತಿರುಪುಗಳನ್ನು ಹೊಂದಿಸಬೇಕು. ಪೊರೆಯ ನಡುವಿನ ತಿರುಪಿನ ಬಳಿ ಗಾಳಿ ಸೋರದಿರಲು ಹಿಂದಿನವರು ಒಂದು ಹನಿ ಜೇನುಮೇಣ ಬಿಡುತ್ತಿದ್ದರು. ಇಂದಿಗೂ ಅದೇ ಉತ್ತಮ, ಬೇಕೆಂದಾಗ ಬಿಡಿಸಬಹುದು. ಅಂಗಡಿಯ ಸಿಲಿಕೋನ್ ಅಂಟನ್ನು ಮಾತ್ರ ಒಳಗೆ ತುಂಬಬೇಡಿ. ಹುಳಿ ವಾಸನೆಯ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ. ಮುಂದೆ ರಿಪೇರಿ ಮಾಡುವವರಿಗೆ ದಾರಿ ಉಳಿಸುವ ರಿಪೇರಿಯೇ ಸರಿಯಾದ ರಿಪೇರಿ.

ರಬ್ಬರ್ ತೋಟವಿರುವವರಿಗೆ ಇನ್ನೊಂದು ಪ್ರಶ್ನೆ ಹುಟ್ಟುವುದು ಸಹಜ: ಮನೆಯ ಹಾಲಿನಿಂದಲೇ ಬಳೆ ಮಾಡಬಾರದೇ? ಒಣಗಿಸಿ ಹೊಗೆಗೂಡಿನಲ್ಲಿಟ್ಟ ಶೀಟಿನಿಂದ ಕತ್ತರಿಸಿದರೆ ಕೆಲಸವಾಗದು. ಗಂಧಕದೊಂದಿಗೆ ಕಾಯದ ರಬ್ಬರು ಬೇಸಿಗೆಯಲ್ಲಿ ಅಂಟಾಗಿ, ಒತ್ತಿದ ಕಡೆ ಹರಿದು, ಆಕಾರ ಕಳೆದುಕೊಳ್ಳುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಪರಿಹಾರ ಈ ಕಾಯಿಸುವಿಕೆಯೇ. ಆದರೆ ದಾರಿಯಿದೆ. ಮರದ ಹಾಲಿನಲ್ಲಿ ಒಣ ರಬ್ಬರಿನ ಅಂಶ ಸಾಮಾನ್ಯವಾಗಿ ಶೇಕಡಾ 30ರಿಂದ 40. ಅದನ್ನು ಶೇಕಡಾ 60ಕ್ಕೆ ಸಾಂದ್ರಗೊಳಿಸಿ, ಗಂಧಕ ಮೊದಲಾದವುಗಳನ್ನು ಬೆರೆಸಿ ಹದಗೊಳಿಸಿದ ಹಾಲನ್ನು ಕೈಗವಸು, ಬಲೂನು ಮಾಡುವವರು ಬಳಸುತ್ತಾರೆ. ತಕ್ಕ ದಪ್ಪದ ನಯವಾದ ಗಾಜಿನ ಕಡ್ಡಿಯನ್ನು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಆರಿಸಿ, ಈ ಹಾಲಿನಲ್ಲಿ ಮುಳುಗಿಸಿ ತೆಗೆದರೆ ಕಡ್ಡಿಯ ಸುತ್ತ ಪದರ ಕಟ್ಟುತ್ತದೆ. ಬೆಚ್ಚನೆಯ ನೀರಿನಲ್ಲಿ ತೊಳೆದು ಒಣಗಿಸಿ ಕಳಚಿದರೆ ಕೊಳವೆ ಸಿದ್ಧ. ಬೆನ್ನಿನ ಬಿಲ್ಲೆಗೆ ದಪ್ಪ ರಬ್ಬರ್ ಹಾಳೆಯನ್ನು ಪಂಚಿನಿಂದ ಕತ್ತರಿಸಬಹುದು. ಅಥವಾ ಮೂಲ ಬಿಲ್ಲೆಯ ಅಚ್ಚು ತೆಗೆದು ಮೃದುವಾದ ಪಾಲಿಯುರೆಥೇನ್ ಸುರಿಯಬಹುದು. ಅಚ್ಚು ತೆಗೆಯಲಿಕ್ಕಾದರೂ ಹಳೆಯ ಬಿಲ್ಲೆಯನ್ನು, ಅದು ಚೂರಾಗಿದ್ದರೂ, ಎಸೆಯದೆ ಕಾಪಾಡಬೇಕು.

1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕರ ಪುನರ್ವಸತಿಗಾಗಿ ಸುಳ್ಯ, ಪುತ್ತೂರುಗಳಲ್ಲಿ ಸರಕಾರಿ ರಬ್ಬರ್ ತೋಟಗಳು ಬೆಳೆದವು. ಆಮೇಲೆ ಖಾಸಗಿ ತೋಟಗಳು ಬೆಟ್ಟ ಏರಿದವು. ಎಲ್ಲೆಲ್ಲಿ ನಾನಾ ಜಾತಿಯ ಕಾಡು ಕಡಿದು ಒಂದೇ ಜಾತಿಯ ಸಾಲು ನೆಟ್ಟರೋ ಅಲ್ಲೆಲ್ಲ ನಷ್ಟದ ಲೆಕ್ಕವನ್ನು ಈ ಬಳಗ ಬಲ್ಲದು. ಟನ್ನುಗಟ್ಟಲೆ ರಬ್ಬರು ಬೆಳೆಯುವ ಇದೇ ನಾಡಿನಲ್ಲಿ ಗೇಣುದ್ದದ ರಬ್ಬರು ಸಿಗದೆ ಒಂದು ಯಂತ್ರ ಗುಜರಿಗೆ ಹೋಗುವುದಾದರೆ, ಕೊರತೆ ರಬ್ಬರಿನದಲ್ಲ, ಗಮನದ್ದು.

ದೀರ್ಘಾಯುಷಿಯಾದ ಪ್ರತಿಯೊಂದು ವಸ್ತುವಿನ ಒಳಗೆ ಅಲ್ಪಾಯುಷಿಯಾದ ಒಂದು ಭಾಗವಿರುತ್ತದೆ. ಬೋರ್ಡೋ ಸಿಂಪಡಿಸುವ ಪಂಪಿಗೆ ವಾಷರು, ಕುಕ್ಕರಿಗೆ ಗ್ಯಾಸ್ಕೆಟ್ಟು, ಗ್ರಾಮಫೋನಿಗೆ ಈ ಬಳೆ. ಮೆತ್ತಗಿನದು ತಾನು ಸವೆದು ಗಟ್ಟಿಯಾದುದನ್ನು ಉಳಿಸಲಿ ಎಂದೇ ಅದನ್ನು ಹಾಗೆ ಇಟ್ಟಿರುತ್ತಾರೆ. ಅಲ್ಪಾಯುಷಿಯನ್ನು ಬದಲಿಸುವ ವಿದ್ಯೆ ಮರೆತ ಸಮಾಜ ದೀರ್ಘಾಯುಷಿಯನ್ನೂ ಎಸೆಯುತ್ತದೆ. ಎಸೆದುದರ ಜಾಗ ತುಂಬಲು ಮತ್ತೊಂದು ಬೆಟ್ಟ ಅಗೆಯುತ್ತದೆ, ಮತ್ತೊಂದು ಕಾಡು ಕಡಿಯುತ್ತದೆ. ಊರಿನ ಸೈಕಲ್ ರಿಪೇರಿಯವರು, ಗಡಿಯಾರ ರಿಪೇರಿಯವರು ಆ ವಿದ್ಯೆಯ ಕೊನೆಯ ಕಾವಲುಗಾರರು. ಅವರ ಅಂಗಡಿ ಮುಚ್ಚುವುದಕ್ಕೆ ಮೊದಲು ಅವರ ಬಳಿ ಕುಳಿತು ಕಲಿಯುವ ಹುಡುಗ ಹುಡುಗಿಯರು ಬೇಕು.

ಈ ವಾರ ಮನೆಯ ಅಟ್ಟ ಹತ್ತಿ ನೋಡಿ. ಹಳೆಯ ಯಂತ್ರವಿದ್ದರೆ ಅದರ ರಬ್ಬರಿಗೆ ಉಗುರು ಒತ್ತಿ. ಗುರುತು ಬೀಳದಿದ್ದರೆ ಗುಜರಿಯವರನ್ನು ಕರೆಯಬೇಡಿ. ಗೇಣಿಗಿಂತ ತುಸು ಉದ್ದದ ಕೊಳವೆ ಮತ್ತು ಒಂದು ಹನಿ ಜೇನುಮೇಣ ಸಿದ್ಧಪಡಿಸಿಕೊಳ್ಳಿ.